ಜಲಜಾ ಟೀಚರ ಹದಿನೇಳನೆಯ ಮನೆ

ಬೆಳಿಗ್ಗೆ ನೀರು ತುಂಬಿದೆ, ಇವರ ಡಬ್ಬಿ ಕಟ್ಟಿದೆ, ಗಿರಣಿಗೆ ಜೋಳ ಕೊಟ್ಟು ಬಂದೆ, ಅಟ್ಟ ಒರೆಸಿದೆ. ಅಲ್ಲಿ ಜಲಜಾ ಟೀಚರ ಕಾಗದದ ಸುರುಳಿ ಸಿಕ್ಕಿತು. ಚೌಕದ ಮನೆಗಳು, ಮನೆಗೊಂದು ಇಂಗ್ಲಿಷ್ ಅಕ್ಷರ. ಬರಹವೂ ಹಸಿರು ಬಣ್ಣವೂ ನನ್ನವೇ.

ಡೊಂಬಿವಲಿಯಲ್ಲಿ ನಮ್ಮ ಎದುರು ಬಾಗಿಲಿನಲ್ಲಿ ಅವರೊಬ್ಬರೇ ಇದ್ದರು. ಉಡುಪಿ ಕಡೆಯವರು, ಕಲ್ಯಾಣದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಹಾಲಿನವನಿಗೂ ಪಾಠ ಹೇಳುವ ಬಾಯಿ. ಒಂದು ವರ್ಷ ಅವರ ಕೈಯಿಂದ ಸೀಮೆಸುಣ್ಣ ಬೀಳತೊಡಗಿತು. ಆಮೇಲೆ ಬೀಗದಕೈ, ಲೋಟ. ನರದ ಕಾಯಿಲೆಯ ಗುಮಾನಿಯಿಂದ ರಕ್ತ ಪರೀಕ್ಷೆಯಾಯಿತು. ಒಂದು ಪ್ರೊಟೀನಿನಲ್ಲಿ ಒಂದೇ ಅಕ್ಷರ ಬೇರೆ ಇದೆ, ಅದೇ ಕಾರಣವೆಂದು ಹೇಳಲಾಗದು ಎಂದು ರಿಪೋರ್ಟು ಬಂತು.

"ಆರ್‌ಎನ್‌ಎ ಅಂದರೆ ಜೀವಕೋಶದ ಒಳಗಿನ ಚೀಟಿ ಮಾರಾಯ್ತಿ," ಎಂದರು ಟೀಚರ್. " ಪ್ರೊಟೀನಿನಲ್ಲಿ ಅದನ್ನು ಹಿಡಿಯುವ ಭಾಗ ಇದು, ಮಣಿಸರದ ಹಾಗೆ, ಮಣಿಗೊಂದು ಅಕ್ಷರ. ನೊಣಕ್ಕೂ ಉಂಟು, ಮೀನಿಗೂ ಉಂಟು, ನಿನಗೂ ಉಂಟು. ಹದಿನೇಳನೇ ಮನೆಯಲ್ಲಿ ಎಲ್ಲರಿಗೂ ಡಿ, ನನಗೆ ಮಾತ್ರ ಜಿ. ಜಿ ಇಟ್ಟುಕೊಂಡು ಸುಖವಾಗಿರುವ ಒಂದು ಪ್ರಾಣಿ ಸಿಕ್ಕಿದರೆ ಸಾಕು, ನನಗೂ ಆ ಜಿ ಏನೂ ಮಾಡಲಿಕ್ಕಿಲ್ಲ."

ಅವರು ಕಂಪ್ಯೂಟರ್ ನೋಡಿ ಒಂದೊಂದು ಪ್ರಾಣಿಯ ಅಕ್ಷರ ಓದುವುದು, ನಾನು ಪ್ರಾಣಿಗೊಂದು ಸಾಲು ಬರೆಯುವುದು, ಮೇಲಿನ ಮನುಷ್ಯರ ಸಾಲಿಗೆ ಹೊಂದಿದ್ದಕ್ಕೆ ಹಸಿರು ತುಂಬುವುದು. "ಗೆರೆ ದಾಟಬೇಡ, ಇದು ನಿನ್ನ ರಂಗೋಲಿ ಅಲ್ಲ." ಕಪ್ಪೆ, ಕೋಳಿ, ಇಲಿ, ಎಲ್ಲಕ್ಕೂ ಡಿ. "ಇನ್ನೊಂದು ನೋಡುವ," ಎನ್ನುತ್ತಿದ್ದರು. ಆ ಹೊತ್ತಿಗೆ ಲೋಟ ಹಿಡಿಯಲು ಎರಡು ಕೈ ಬೇಕಾಗಿತ್ತು.

ಆಮೆಯ ಸಾಲಿನಲ್ಲಿ ಜಿ ಬಂತು. "ಟೀಚರ್, ಆಮೀಗೆ ಜಿ ಐತ್ರಿ." ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. ಶೀರಾ ಮಾಡೆಂದರು. ಎರಡು ದಿನ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಆಮೆಯ ಕಥೆ.

ಮೂರನೆಯ ದಿನ ಅಕ್ಕಿ ಆರಿಸುವಾಗ ನನಗೇ ಹೊಳೆಯಿತು. ಮೊರ ಅಲ್ಲೇ ಇಟ್ಟೆ. ಓಡಿ ಹೋದೆ.

"ತಪ್ಪಾಗೇತ್ರಿ. ನಡುವ ಒಂದಕ್ಷರ ಬಿಟ್ಟೀನಿ."

"ಅವತ್ತೇ ನೋಡಿದೆ. ಒಂದು ಬಿಟ್ಟರೆ ಮುಂದಿನದೆಲ್ಲ ಒಂದು ಮನೆ ಹಿಂದಕ್ಕೆ ಜಾರುತ್ತದೆ, ಹದಿನೆಂಟರ ಜಿ ಹದಿನೇಳಕ್ಕೆ ಬಂದದ್ದು. ಅಲ್ಲಿಂದ ಮುಂದೆ ಸಾಲಿಡೀ ಹಸಿರಿಲ್ಲದೆ ಬೋಳಾಗಿತ್ತಲ್ಲ, ನಿನಗೆ ಕಾಣಲಿಲ್ಲವಾ?"

"ಮತ್ತ ಶೀರಾ ಯಾಕ ಮಾಡಿಸಿದ್ರಿ?"

"ತಿನ್ನಬೇಕು ಅನ್ನಿಸಿತು. ಅದನ್ನು ಅಳಿಸಬೇಡ."

ಮುಂದಿನ ತಿಂಗಳು ತಂಗಿ ಬಂದು ಅವರನ್ನು ಊರಿಗೆ ಕರೆದೊಯ್ದಳು. ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿಯಲು ನೋಡಿದರು, ನಾನೇ ಹಿಡಿದೆ. ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡ ಸುದ್ದಿ ಬಂತು.

ಇವತ್ತು ಸಿಕ್ಕ ಸುರುಳಿಯಲ್ಲಿ ಆಮೆಯ ಸಾಲು ಹಾಗೇ ಇದೆ. ರಾತ್ರಿ ರೊಟ್ಟಿ, ಝುಣಕ ಉಂಡೆವು. ಇವರು ಮೊದಲು ಮಲಗಿದರು.