ಹುಳು ಮನೆಗೆ ಜಾಗ ತೋರಿಸಿದವರು

ಭಾನುವಾರ, ಬೆಳಗ್ಗೆ ಆರು ಇಪ್ಪತ್ತು. ಅವರ ಬಗ್ಗೆ ಬರೆಯಲು ಕೂತಿದ್ದೇನೆ, ಪಾದಗಳಿಂದ ಶುರು ಮಾಡುತ್ತೇನೆ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಬಾಗಿಲಲ್ಲೇ ಸುಣ್ಣದ ಪುಡಿ ತುಳಿದು ಒಳಗೆ ಹೋಗಬೇಕು. ದಿನವೆಲ್ಲ ಅಂಥ ಮನೆಗಳನ್ನು ಸುತ್ತುತ್ತಿದ್ದ ಅವರ ಪಾದ ಹಿಮ್ಮಡಿಯವರೆಗೂ ಬೆಳ್ಳಗಾಗಿ, ಬೆರಳ ಸಂದಿಯಲ್ಲಿ ಬಿರುಕು ಬಿಟ್ಟಿರುತ್ತಿತ್ತು.

ಅವರು ರೇಷ್ಮೆ ಇಲಾಖೆಯವರು. ದೊಡ್ಡಮಳೂರಿನಾಚೆಯ ನಮ್ಮ ಹಳ್ಳಿಗೆ ರೇಷ್ಮೆ ಸಾಹೇಬ್ರು. ನನ್ನ ಡೈರಿಯ ಪ್ರಕಾರ ನಮ್ಮ ಮನೆಗೆ ಬಂದದ್ದು ಮೂವತ್ತೊಂದು ಸಲ, ಕಾಫಿ ಕುಡಿದದ್ದು ಎರಡು ಸಲ. ಎರಡು ಸಲವೂ ಮಳೆಗೆ ಸಿಕ್ಕಿಕೊಂಡಿದ್ದರು. ಹುಳುವಿನ ತಟ್ಟೆ ಎತ್ತಿ ನೋಡಿ, "ಹುಳ ಸುಳ್ಳು ಹೇಳಾಕಿಲ್ಲ ಕಣವ್ವ, ರಾತ್ರಿ ಸೊಪ್ಪು ಕಮ್ಮಿ ಆಗೈತೆ" ಎನ್ನುತ್ತಿದ್ದರು. ಅದು ನಿಜವೇ ಆಗಿರುತ್ತಿತ್ತು.

ಆಗ ನಾವಿರುವ ಮನೆಯಲ್ಲೇ ಹುಳು. ಅವು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ದಪ್ಪಗಾದ ಮೇಲೆ ಮನೆಯನ್ನು ಅವಕ್ಕೇ ಬಿಟ್ಟು ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಅವ್ವನಿಗೆ ಉಬ್ಬಸ ಬೇರೆ. ಸಬ್ಸಿಡಿ ಬಂದರೆ ಮಾತ್ರ ಬೇರೆ ಹುಳು ಮನೆ ಕಟ್ಟಿಸಲು ಸಾಧ್ಯವಿತ್ತು.

ಅರ್ಜಿ ಕೊಟ್ಟೆವು. ಆದರೆ ಆಷಾಢ ಹತ್ತಿರ ಬಂತೆಂದು ಅಪ್ಪ ಅವಸರದಲ್ಲಿ ಗುದ್ದಲಿ ಪೂಜೆ ಮಾಡಿಸಿ ಪಾಯಕ್ಕೆ ಎರಡು ಸಾಲು ಕಲ್ಲು ಕೂರಿಸಿಬಿಟ್ಟರು. ಖಾಲಿ ಜಾಗದ ಫೋಟೋ ತೆಗೆಯಲು ಬಂದ ಸಾಹೇಬ್ರು ನಿಂತಲ್ಲೇ ನಿಂತರು. ಆರ್ಡರಿಗೆ ಮೊದಲೇ ಕಟ್ಟಿದ್ದಕ್ಕೆ ಸಬ್ಸಿಡಿ ಇಲ್ಲ.

"ಒಸಿ ಮಣ್ಣು ಎಳುದ್ಬುಡ್ತೀನಿ ಸಾ, ಆಮೇಲೆ ಫೋಟೋ ಹೊಡ್ಕಳಿ" ಎಂದರು ಅಪ್ಪ.

"ನಾಳೆ ತನಿಖೆಗೆ ಬಂದೋರು ಕೆದಕಿದ್ರೆ ನಿನ್ ಮನೇನೂ ಹೋಯ್ತದೆ, ನನ್ ಕೆಲ್ಸಾನೂ ಹೋಯ್ತದೆ."

"ಆಷಾಢದಾಗೆ ಗುದ್ದಲಿ ಮುಟ್ಟಂಗಿಲ್ವಲ್ಲ ಸಾ" ಎಂದಳು ಅವ್ವ.

"ಸರ್ಕಾರಕ್ಕೆ ಆಷಾಢ ಗೊತ್ತಿಲ್ಲ ಕಣವ್ವ."

ಸುಮ್ಮನೆ ಹೊರಟುಹೋಗಬಹುದಿತ್ತು. ಹೋಗಲಿಲ್ಲ. ಪಕ್ಕದ ಖಾಲಿ ಜಾಗವನ್ನು ಹೆಜ್ಜೆಯಲ್ಲಿ ಅಳೆದರು. ನಲವತ್ತೆರಡು ಹೆಜ್ಜೆ, ನಾನೂ ಎಣಿಸಿದೆ. "ಆ ಪಾಯ ಸೊಪ್ಪಿನ ಕೋಣೆಗೆ ಇರ್ಲಿ. ಹುಳಿನ ಮನೆ ಇಲ್ಲಿ ಎತ್ತಿ. ಆರ್ಡರ್ ಬರೋಗಂಟ ಒಂದ್ ಕಲ್ಲೂ ಮುಟ್ಬ್ಯಾಡಿ. ಅಷ್ಟೊತ್ಗೆ ನಿಮ್ ಆಷಾಢಾನೂ ಕಳೀತದೆ." ಹಳೆಯ ಪಾಯ ಇರುವುದನ್ನೂ ಮುಚ್ಚಿಡದೆ ವರದಿಯಲ್ಲಿ ಬರೆದೇ ಕಳಿಸಿದರು.

ಆರ್ಡರ್ ಬಂದದ್ದು ಐವತ್ಮೂರನೆಯ ದಿನ, ಶ್ರಾವಣದಲ್ಲಿ. ಪಾಯಕ್ಕೊಂದು, ಲಿಂಟಲ್‌ಗೊಂದು, ಚಾವಣಿಗೊಂದು ಫೋಟೋ ಅವರೇ ತೆಗೆದರು. ಸಬ್ಸಿಡಿ ಅವ್ವನ ಖಾತೆಗೆ ಬಂತು. ಮುಂದಿನ ಬೆಳೆಗೆ ಅವ್ವ ಮನೆಯೊಳಗೆ ಕಾಲು ಚಾಚಿ ಮಲಗಿದಳು. ಆ ತಿಂಗಳು ಉಬ್ಬಸ ಬಂದದ್ದು ಒಂದೇ ದಿನ.

ನಿವೃತ್ತರಾದ ಮೇಲೆ ಅವರು ಈ ಕಡೆ ಬರಲಿಲ್ಲ. ಹೋದ ತಿಂಗಳು ತೀರಿಕೊಂಡರಂತೆ. ನಮಗೆ ತಿಳಿದದ್ದು ಹನ್ನೊಂದು ದಿನ ಕಳೆದ ಮೇಲೆ.

ಅವರ ಕಾಲದಲ್ಲಿ ನಮ್ಮೂರಿನಲ್ಲಿ ಎದ್ದ ಹುಳು ಮನೆಗಳು ಒಂಬತ್ತು. ಕಟ್ಟುವಾಗ ಮನೆಗೆ ಮೂರರಂತೆ ತೆಗೆದ ಇಪ್ಪತ್ತೇಳು ಫೋಟೋಗಳನ್ನೂ ಕೇಳಿ ಪಡೆದು ನೋಡಿದೆ. ತೆಗೆದವರು ಅವರೇ ಆದ್ದರಿಂದ ಒಂದರಲ್ಲೂ ಅವರಿಲ್ಲ. ಮೊದಲು ಮಾಗಡಿ, ಕನಕಪುರದ ಕಡೆ ಕೆಲಸ ಮಾಡಿದ್ದರಂತೆ. ಆ ಕಡೆಯವರಲ್ಲಿ ಯಾರ ಬಳಿಯಾದರೂ ಅವರ ಮುಖವಿರುವ ಚಿತ್ರವಿದ್ದರೆ, ಅವರ ಬಗ್ಗೆ ಹೆಚ್ಚಿನದು ಗೊತ್ತಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಅವ್ವ ಹುಳು ಮನೆಯ ಗೋಡೆಗೆ ಈಗಾಗಲೇ ಮೊಳೆ ಹೊಡೆದಿದ್ದಾಳೆ.