ಕಪ್ಪು ಬೆಲ್ಟು ಬಿಚ್ಚಿಟ್ಟ ಮೇಷ್ಟ್ರು

ಕರಾಟೆಯೆಂದರೆ ಸಿನಿಮಾದ ಹೊಡೆದಾಟ ಎಂದಷ್ಟೇ ನಮ್ಮ ಚಾಮರಾಜನಗರ ಸೀಮೆಯ ಜನ ತಿಳಿದಿದ್ದ ಕಾಲದಲ್ಲಿ, ಅದು ನಮಸ್ಕಾರದಿಂದ ಆರಂಭವಾಗಿ ನಮಸ್ಕಾರದಲ್ಲೇ ಮುಗಿಯುವ ವಿದ್ಯೆಯೆಂದು ಮನೆಮನೆಗೂ ಮನದಟ್ಟು ಮಾಡಿಕೊಟ್ಟವರು ನನ್ನ ಗುರುಗಳಾದ ಶ್ರೀ ಪುಟ್ಟಮಾದಯ್ಯನವರು. ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿ ದುಡಿದು ಕಳೆದ ಮೇ ತಿಂಗಳಲ್ಲಿ ನಿವೃತ್ತರಾದ ಅವರ ಗೌರವಾರ್ಥ ಹೊರಬರುತ್ತಿರುವ ಈ ಸಂಪುಟದಲ್ಲಿ, ಅವರ ಶಿಷ್ಯರು ಗೆದ್ದ ಪದಕಗಳ ಬಗ್ಗೆ ಬರೆಯುವ ಹಿರಿಯರು ಹಲವರಿದ್ದಾರೆ. ನಾನು ಬರೆಯಹೊರಟಿರುವುದು ಅವರು ಮಾಡಿದ ಒಂದು ತಪ್ಪಿನ ಬಗ್ಗೆ. ಅಭಿನಂದನ ಗ್ರಂಥಕ್ಕೆ ಇದು ಒಪ್ಪುವ ವಿಷಯವೇ ಎಂದು ಸಂಪಾದಕರು ಅನುಮಾನಿಸಿದಾಗ, ಮೇಷ್ಟ್ರನ್ನೇ ಕೇಳಿ ಎಂದೆ. "ಅದ್ನೇ ಬರೀಲಿ ಬುಡಿ, ಮಿಕ್ಕಿದ್ದ ಎಲ್ರೂ ಬರೀತಾರೆ" ಎಂದರಂತೆ.

ಪುಣಜನೂರಿನಲ್ಲಿ ಹುಟ್ಟಿ ಬೆಳೆದ ಮೇಷ್ಟ್ರು ಯೌವನದಲ್ಲಿ ಮೂರು ವರ್ಷ ಭಾನುವಾರಗಳಂದು ಮೈಸೂರಿಗೆ ಹೋಗಿ ಕರಾಟೆ ಕಲಿತರು. ಕಲಿಸುತ್ತಿದ್ದವರು ಊರು ಬಿಟ್ಟು ಹೋದ ಮೇಲೆ ಮಿಕ್ಕದ್ದನ್ನು ಚಿತ್ರಗಳಿದ್ದ ಒಂದು ಪುಸ್ತಕ ನೋಡಿ ಕಲಿತರು. ಚಂದಕವಾಡಿಯಲ್ಲಿ ನೌಕರಿಗೆ ಸೇರಿದ ಕೆಲವು ತಿಂಗಳುಗಳಲ್ಲೇ ಚಾಮರಾಜನಗರದ ಶಾಲೆಯೊಂದರ ಅಂಗಳದಲ್ಲಿ ಬೆಳಗಿನ ಐದೂವರೆಗೆ ಉಚಿತ ತರಗತಿ ಆರಂಭಿಸಿದರು. ನಾನು ಸೇರಿದಾಗ ನನಗೆ ಒಂಬತ್ತು ವರ್ಷ. ಸಮವಸ್ತ್ರವಿಲ್ಲದೆ ಗೋಡೆಯ ಬದಿ ನಿಂತಿದ್ದ ನನಗೆ ಮರುವಾರವೇ ಅವರ ಶ್ರೀಮತಿ ಈರಮ್ಮನವರು ಬಿಳಿ ಬಟ್ಟೆಯಲ್ಲಿ ಒಂದು ಜೊತೆ ಹೊಲಿದುಕೊಟ್ಟರು. ಸಂತೆಮರಹಳ್ಳಿ ಕಡೆಯಿಂದ ಬರುತ್ತಿದ್ದ ಹೆಣ್ಣುಮಕ್ಕಳನ್ನು ಮೇಷ್ಟ್ರು ತಾವೇ ಬಸ್ಸಿಗೆ ಹತ್ತಿಸಿ, ಬಸ್ಸು ಹೊರಟ ಮೇಲೆ ತಮ್ಮ ಶಾಲೆಗೆ ಹೊರಡುತ್ತಿದ್ದರು.

ಎಂಟು ವರ್ಷಗಳ ಹಿಂದೆ, ಒಂದು ಜನವರಿಯಲ್ಲಿ, ಗುಂಡ್ಲುಪೇಟೆಯ ಕಲ್ಯಾಣಮಂಟಪವೊಂದರಲ್ಲಿ ಮೂರು ದಿನಗಳ ಕರಾಟೆ ತರಬೇತಿ ಶಿಬಿರ ನಡೆಯಿತು. ಜಪಾನಿನಿಂದ ಬಂದಿದ್ದವರು ಒಕಾಮೊಟೊ ಎಂಬ ಎಪ್ಪತ್ತೊಂದು ವರ್ಷದ ಹಿರಿಯ ಗುರು. ನನ್ನ ಭುಜದೆತ್ತರಕ್ಕೂ ಬಾರದ ಸಣ್ಣ ಹೆಂಗಸು. ಮೈಸೂರಿನ ಯುವತಿಯೊಬ್ಬಳು ಅವರ ಮಾತನ್ನು ಕನ್ನಡಕ್ಕೆ ತರುತ್ತಿದ್ದಳು. ನಾನಾಗ ದ್ವಿತೀಯ ಪಿಯುಸಿ. ಮುಂದಿನ ತಿಂಗಳ ರಾಜ್ಯಮಟ್ಟದ ಪಂದ್ಯಕ್ಕೆ ಜಿಲ್ಲೆಯ ತಂಡದಲ್ಲಿ ನನ್ನ ಹೆಸರಿತ್ತು.

ಎರಡನೆಯ ದಿನ ಬೆಳಗ್ಗೆ, ಜಿಲ್ಲೆಯ ಹಿರಿಯ ಶಿಕ್ಷಕರೆಂದು ಮೇಷ್ಟ್ರನ್ನು ಎಲ್ಲರ ಮುಂದೆ ಕರೆದು ಅಭ್ಯಾಸದ ಒಂದು ಸರಣಿಯನ್ನು ಮಾಡಿ ತೋರಿಸಲು ಕೇಳಿದರು. ಅವರು ಮಾಡಿ ಮುಗಿಸಿದಾಗ ಚಪ್ಪಾಳೆ ಬಿತ್ತು. ಒಕಾಮೊಟೊ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ಬಂದು ನೆಲದ ಮೇಲೆ ಕುಳಿತು, ಮೇಷ್ಟ್ರ ಬಲಮಂಡಿಯನ್ನು ಎರಡೂ ಅಂಗೈಗಳಿಂದ ಹಿಡಿದುಕೊಂಡು, ಮತ್ತೊಮ್ಮೆ ತಿರುಗಲು ಹೇಳಿದರು.

"ಇದು ಎಷ್ಟು ವರ್ಷಗಳಿಂದ ನೋಯುತ್ತಿದೆ ಎಂದು ಕೇಳುತ್ತಿದ್ದಾರೆ" ಎಂದಳು ಯುವತಿ.

ಮೇಷ್ಟ್ರು, "ಹನ್ನೊಂದು ವರ್ಸ" ಎಂದರು.

ತಿರುಗುವಾಗ ಹಿಮ್ಮಡಿಯನ್ನು ನೆಲಕ್ಕೆ ಕಚ್ಚಿಸಿ ಸೊಂಟವನ್ನು ತಿರುಚಬೇಕೆಂದು ಅವರು ಪುಸ್ತಕದ ಚಿತ್ರದಿಂದ ತಿಳಿದಿದ್ದರು; ನಮಗೂ ಹಾಗೆಯೇ ಕಲಿಸಿದ್ದರು. ಪಾದ ಮೊದಲು ತಿರುಗಬೇಕು, ಮಂಡಿ ಅದರ ಹಿಂದೆ ಬರಬೇಕು ಎಂದು ಒಕಾಮೊಟೊ ವಿವರಿಸಿದರು. ಅನಂತರ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ವಿದ್ಯಾರ್ಥಿಗಳು?"

ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ನನ್ನ ಪ್ಯಾಂಟಿನ ಒಳಗೆ ಮಂಡಿಗೆ ಬ್ಯಾಂಡೇಜು ಸುತ್ತಿತ್ತು. ಮನೆಯಲ್ಲಿ ಜಾರಿಬಿದ್ದೆನೆಂದು ಅವರಿಗೆ ಸುಳ್ಳು ಹೇಳಿದ್ದೆ.

ಊಟದ ಹೊತ್ತಿನಲ್ಲಿ ಮಂಟಪದ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿಕೊಂಡರು.

"ರಮ್ಯ, ಯಾವಾಗ್ಲಿಂದ ನೋಯ್ತದೆ?"

"ಒಂದೂವರೆ ವರ್ಸ ಸಾ."

"ಯಾಕಮ್ಮಿ ಯೋಳ್ನಿಲ್ಲ?"

"ತಂಡದಿಂದ ಕೈಬುಡ್ತೀರ ಅಂತ."

"ಕೈಬುಡ್ತೀನಿ. ನಾನೇ ಮಾಡಿರದು ಕಣಮ್ಮಿ ಇದ್ನ. ನೋವ ಇನ್ನೂ ಜಾಸ್ತಿ ಮಾಡಕಾಗಲ್ಲ."

ಆ ಮಧ್ಯಾಹ್ನ ಅವರು ತಮ್ಮ ಕಪ್ಪು ಬೆಲ್ಟನ್ನು ಬಿಚ್ಚಿ, ಮಡಿಸಿ, ಚೀಲದಲ್ಲಿಟ್ಟು, ಹೊಸದಾಗಿ ಸೇರಿದ್ದ ಪುಟ್ಟ ಮಕ್ಕಳ ಸಾಲಿನ ಕೊನೆಯಲ್ಲಿ ಹೋಗಿ ನಿಂತರು. ಸಂಘಟಕರು ಓಡಿಬಂದು, ನೀವು ಹೀಗೆ ಮಾಡಿದರೆ ನಮಗೆ ಮುಜುಗರವಾಗುತ್ತದೆ ಎಂದರೂ ಅವರು ಕದಲಲಿಲ್ಲ.

ಮುಂದಿನ ಭಾನುವಾರ ನಲವತ್ತಮೂರು ವಿದ್ಯಾರ್ಥಿಗಳನ್ನೂ ಅವರ ತಂದೆತಾಯಿಗಳನ್ನೂ ಅಂಗಳದಲ್ಲಿ ಸೇರಿಸಿ, ಇಪ್ಪತ್ತೆರಡು ವರ್ಷ ತಾವು ತಪ್ಪು ಕಲಿಸಿದ್ದನ್ನು ನಿಂತು ಹೇಳಿದರು. ಅವರಿಂದ ಮೊಟ್ಟಮೊದಲು ಕಪ್ಪು ಬೆಲ್ಟು ಪಡೆದು, ಆಗ ಚಂದಕವಾಡಿಯಲ್ಲಿ ಸ್ವಂತ ತರಗತಿ ನಡೆಸುತ್ತಿದ್ದ ರಾಜಶೇಖರ್ ಎದ್ದುನಿಂತರು.

"ಇಂಗೆ ಎಲ್ರ ಮುಂದೆ ಯೋಳ್ಬುಟ್ರೆ ನಮ್ ಬೆಲ್ಟ್‌ಗೆ ಏನ್ ಬೆಲೆ ಉಳೀತದೆ ಸಾ?"

"ಬೆಲ್ಟು ನಿನ್ತಾವೇ ಇರ್ಲಿ ಕಣ್ಲಾ. ಮಕ್ಳ ಮಂಡಿ ಉಳುದ್ರೆ ಸಾಕು."

ರಾಜಶೇಖರ್ ಹೊರಟುಹೋದರು. ಅವರ ಹಿಂದೆ ಬಹಳ ಜನ ಹೋದರು. ತಿಂಗಳೊಳಗೆ ಉಳಿದವರು ಒಂಬತ್ತು ಮಂದಿ. ನನಗೂ ಸಿಟ್ಟಿತ್ತು. ತಂಡದಿಂದ ನನ್ನ ಹೆಸರು ಹೋಗಿತ್ತು; ಹತ್ತು ತಿಂಗಳು ಅಭ್ಯಾಸ ಕೂಡದೆಂದು ವೈದ್ಯರು ಹೇಳಿದ್ದರು. ಮೂರು ವಾರ ಮೇಷ್ಟ್ರೊಂದಿಗೆ ಮಾತು ಬಿಟ್ಟೆ. ಅವರು ಮಾತ್ರ ಪ್ರತಿ ಸಂಜೆ ಶಾಲೆ ಮುಗಿಸಿ ನಮ್ಮ ಮನೆಗೆ ಬಂದು, ಈರಮ್ಮನವರು ಹೊಲಿದ ಮರಳಿನ ಚೀಲವನ್ನು ನನ್ನ ಕಾಲಿಗೆ ಕಟ್ಟಿ, ವೈದ್ಯರು ಬರೆದುಕೊಟ್ಟಿದ್ದ ವ್ಯಾಯಾಮವನ್ನು ಎಣಿಸಿ ಎಣಿಸಿ ಮಾಡಿಸಿದರು. ನಾನು ಮಾತಾಡದಿದ್ದರೂ ಅವರ ಎಣಿಕೆ ನಿಲ್ಲಲಿಲ್ಲ. ನಾಲ್ಕನೆಯ ವಾರ ನಾನೇ ಜೊತೆಗೆ ಎಣಿಸತೊಡಗಿದೆ.

ಅದೇ ಬೇಸಿಗೆಯಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದು, ವಿಳಾಸ ಸಿಕ್ಕಿದ ನೂರಾ ಹದಿನೆಂಟು ಹಳೆಯ ಶಿಷ್ಯರ ಮನೆಗಳಿಗೂ ಸ್ಕೂಟರಿನಲ್ಲಿ ಹೋದರು. ಸಂತೆಮರಹಳ್ಳಿಗೆ ಹೋದಾಗ ನಾನೂ ಜೊತೆಗಿದ್ದೆ. ದಾನೇಶ್ವರಿ ಎಂಬಾಕೆ ಹಿಂದೊಮ್ಮೆ ಮಂಡಿ ನೋವೆಂದು ಬಿಟ್ಟುಹೋದವರು. ಈಗ ಇಬ್ಬರು ಮಕ್ಕಳ ತಾಯಿ. ಮೇಷ್ಟ್ರು ಬಾಗಿಲಲ್ಲೇ ನಿಂತು ಕೈಮುಗಿದರು.

"ನಿನ್ನ ಸೋಮಾರಿ ಅಂತ ಎಲ್ರ ಮುಂದೆ ಬೈದಿದ್ದೆ ಕಣವ್ವ. ತಪ್ಪು ನಂದು."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಾನೂ ಅಂಗೇ ಅನ್ಕಂಡಿದ್ದೆ ಸಾ, ನಾನೇ ಸೋಮಾರಿ ಅಂತ" ಎಂದರು. ಆಮೇಲೆ ಒಳಗೆ ಕರೆದು ಕೂರಿಸಿ, ಮಜ್ಜಿಗೆ ಕೊಟ್ಟರು. ಮರುವರ್ಷ ತಮ್ಮ ಮಗಳನ್ನು ತರಗತಿಗೆ ಸೇರಿಸಿದರು.

ಮೇಷ್ಟ್ರು ತಿಂಗಳಿಗೆರಡು ಭಾನುವಾರ ಮತ್ತೆ ಮೈಸೂರಿಗೆ ಹೋಗಿ, ಒಕಾಮೊಟೊ ಅವರ ಶಿಷ್ಯರೊಬ್ಬರಲ್ಲಿ ಮೊದಲ ಪಾಠದಿಂದ ಕಲಿತರು. ವರ್ಷಗಳ ಬಳಿಕ ಕಪ್ಪು ಬೆಲ್ಟಿನ ಪರೀಕ್ಷೆಗೆ ನಿಂತು ನಪಾಸಾದರು. ಮರುದಿನ ಅದನ್ನೂ ತರಗತಿಯಲ್ಲಿ ತಾವೇ ಹೇಳಿದರು. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ, ಐವತ್ತೆಂಟನೆಯ ವಯಸ್ಸಿನಲ್ಲಿ, ತೇರ್ಗಡೆಯಾದರು. ಅದಾದ ಮೂರು ತಿಂಗಳಿಗೆ ರಾಜಶೇಖರ್ ತಮ್ಮ ಚಂದಕವಾಡಿಯ ಮಕ್ಕಳನ್ನೆಲ್ಲ ಒಂದು ಟೆಂಪೊದಲ್ಲಿ ಕರೆತಂದು, "ಇವ್ರ ಕಾಲ ವಸಿ ನೋಡಿ ಸಾ, ನಂದೂವೆ" ಎಂದರು. ಮೇಷ್ಟ್ರು ಅವರೆಲ್ಲರನ್ನೂ ಸಾಲಿಗೆ ಸೇರಿಸಿಕೊಂಡರು.

ನಾನಿಂದು ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ನಿವೃತ್ತಿಯಾದ ಮರುವಾರವೇ ಮೇಷ್ಟ್ರು ನನ್ನ ಶಾಲೆಗೆ ಬಂದು ಅಂಗಳದ ಬದಿಯ ಬೆಂಚಿನಲ್ಲಿ ಕುಳಿತು ನನ್ನ ಕರಾಟೆ ಪಾಠ ನೋಡಿದರು. ಮುಗಿದ ಮೇಲೆ ಮೂರು ತಪ್ಪುಗಳನ್ನು ಹೇಳಿದರು. ಎರಡನ್ನು ಒಪ್ಪಿದೆ, ಒಂದಕ್ಕೆ ವಾದ ಹೂಡಿದೆ. ಅವರು ಎದ್ದು ಎರಡು ಸಲ ಮಾಡಿ ನೋಡಿ, "ನೀನಂದದ್ದೇ ಸರಿ ಕಣಮ್ಮಿ" ಎಂದು ನಕ್ಕರು. ಪೂಜ್ಯ ಗುರುಗಳಿಗೂ ತಾಯಿ ಈರಮ್ಮನವರಿಗೂ ಆಯುರಾರೋಗ್ಯಗಳು ನಿಡುಗಾಲ ಇರಲಿ. ನಮ್ಮನ್ನು ತಿದ್ದುವ ಅವರ ಕೆಲಸ ಇನ್ನೂ ಹಲವು ವರ್ಷ ನಡೆಯಲಿ. ಅವರೊಂದಿಗೆ ವಾದ ಹೂಡಬಲ್ಲ ಶಿಷ್ಯರು ಪ್ರತಿ ವರ್ಷವೂ ಅವರಿಗೆ ಸಿಗಲಿ.