ನಾಲ್ಕು ಚಕ್ರದ ಕಾರಿಗೆ ಎರಡು ಟೈರು

ಟೈರಿನ ಬಗ್ಗೆ ನನ್ನ ಗಂಡನಿಗೆ ಆ ವರ್ಷ ಇದ್ದಷ್ಟು ಅಭಿಪ್ರಾಯಗಳು ದೇವರ ಬಗ್ಗೆಯೂ ಇರಲಿಲ್ಲ. ಅಭಿಪ್ರಾಯಗಳಿದ್ದವು, ಟೈರು ಮಾತ್ರ ಬರಲಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳು ಅವು. ನಾವು ಮಿಷಿಗನ್ನಿನ ಕ್ಯಾಂಟನ್‌ನಲ್ಲಿದ್ದೆವು. ಅವರಿಗೆ ಹತ್ತು ಹನ್ನೆರಡು ಮೈಲಿ ದೂರದ ಲಿವೋನಿಯಾದಲ್ಲಿ, ಕಾರುಗಳ ವೈಪರ್ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಕೆಲಸ. ನನಗೆ ಡೆಟ್ರಾಯಿಟ್ ಸುತ್ತಮುತ್ತ ಎಲ್ಲೂ ಕೆಲಸ ಸಿಗದೆ ಕೊನೆಗೆ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ಸಿಕ್ಕಿತ್ತು. ಭಾನುವಾರ ಊಟ ಮುಗಿಸಿ ಹೊರಟರೆ ಸುಮಾರು ಮುನ್ನೂರು ಮೈಲಿ. ವಾರವೆಲ್ಲ ಅಲ್ಲಿ ಇನ್ನೊಬ್ಬ ಹೆಂಗಸಿನ ಜೊತೆ ಬಾಡಿಗೆ ಅಪಾರ್ಟ್‌ಮೆಂಟು, ಶಾಲೆಗೆ ಹೋಗುವ ಮಗಳು ಅಪ್ಪನ ಜೊತೆ ಮನೆಯಲ್ಲಿ, ಶುಕ್ರವಾರ ಮಧ್ಯಾಹ್ನ ನಾನು ಹೊರಟು ಮತ್ತೆ ಕ್ಯಾಂಟನ್. ನಡುವೆ ಲೇಕ್ ಮಿಷಿಗನ್ನಿನ ದಡ ಬಳಸಿ ಬರುವ ಹೆದ್ದಾರಿ. ಸರೋವರದ ಕಡೆಯಿಂದ ಹಿಮ ಸುರಿಯಲು ಶುರುವಾದರೆ ಮುಂದಿನ ಟ್ರಕ್ಕಿನ ಕೆಂಪು ದೀಪವೂ ಕಾಣಿಸುತ್ತಿರಲಿಲ್ಲ.

ಮನೆಯಲ್ಲಿ ಎರಡು ಕಾರಿದ್ದವು. ಒಂದು ಹಳೆಯ ಸಣ್ಣ ಕಾರು, ಎಲ್ಲ ಕಾಲಕ್ಕೂ ಆಗುವ ಟೈರಿನದು, ಡೆಟ್ರಾಯಿಟ್‌ನಲ್ಲೇ ತಯಾರಾದದ್ದು. ಇನ್ನೊಂದು, ಯಾರೋ ಡಾಕ್ಟರರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಜರ್ಮನ್ ಸೆಡಾನ್. ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು, ಬಾಗಿಲು ಹಾಕಿದರೆ ಸದ್ದೇ ಇಲ್ಲ. ಅದನ್ನು ಕೊಂಡವರು ನನ್ನ ಗಂಡ, ಓಡಿಸಬೇಕಾದವಳು ನಾನು. ಏಕೆಂದರೆ ಲಿವೋನಿಯಾದ ಪಾರ್ಕಿಂಗ್ ಲಾಟಿನಲ್ಲಿ ವಿದೇಶಿ ಕಾರು ನಿಲ್ಲಿಸಿದರೆ ಆಫೀಸಿನವರು ಮುಖ ಸಿಂಡರಿಸುತ್ತಿದ್ದರು. ಊರಿನ ಅನ್ನ ತಿಂದು ಪರದೇಶದ ಕಾರು ಓಡಿಸುತ್ತಾನೆ ಎಂಬ ಮಾತು ಬರುತ್ತಿತ್ತು. ಹಾಗಾಗಿ ಹನ್ನೆರಡು ಮೈಲಿಗೆ ಸಣ್ಣ ಕಾರು, ಮುನ್ನೂರು ಮೈಲಿಗೆ ಸೆಡಾನ್. ನನ್ನನ್ನು ಕೇಳಿದ್ದರೆ ನಾನು ಸಣ್ಣದನ್ನೇ ಆರಿಸುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಆ ಸೆಡಾನಿನ ಜೊತೆ ಬಂದದ್ದು ಬೇಸಿಗೆಯ ಅಗಲ ಟೈರುಗಳು. ಚಳಿಗೆ ಅವು ಕಲ್ಲಿನಂತೆ ಗಟ್ಟಿಯಾಗುತ್ತವೆ, ಹಿಮದ ಮೇಲೆ ಜಾರುತ್ತವೆ. ಅಕ್ಟೋಬರ್‌ನಲ್ಲೇ ಹೇಳಿದೆ, ಚಳಿಗಾಲದ ಟೈರು ಹಾಕಿಸಿಬಿಡಿ ಎಂದು. ಅವರು ಇಂಟರ್ನೆಟ್ಟಿನಿಂದ ಹಾಳೆಗಟ್ಟಲೆ ಪ್ರಿಂಟ್ ತೆಗೆದು ಬೈಂಡರಿಗೆ ಹಾಕಿದರು. ಪ್ರತಿ ಶುಕ್ರವಾರ ನಾನು ಬರುವ ಹೊತ್ತಿಗೆ ಬೈಂಡರು ದಪ್ಪವಾಗಿರುತ್ತಿತ್ತು. ಒಳ್ಳೆಯದಾದರೆ ದುಬಾರಿ, ಅಗ್ಗವಾದರೆ ಸದ್ದು ಜಾಸ್ತಿ. ಟೈರ್ ಅಂಗಡಿಯವನು ಒಂದು ದಾರಿ ತೋರಿಸಿದ: ಕಬ್ಬಿಣದ ಸಣ್ಣ ರಿಮ್ ತಗೊಳ್ಳಿ, ಅದಕ್ಕೆ ಕಿರಿದಾದ ಟೈರು ಸಾಕು, ಹಿಮದಲ್ಲಿ ಅದೇ ವಾಸಿ, ಬೆಲೆಯೂ ಕಡಿಮೆ. ನನ್ನ ಗಂಡ ಮೂಗು ಮುರಿದರು. "ಇಂಥಾ ಕಾರಿಗೆ ಕಪ್ಪು ಕಬ್ಬಿಣದ ರಿಮ್ಮಾ? ಜನ ನಗ್ತಾರೆ ಕಣೇ."

ಜನ ಎಂದರೆ ಯಾರು? ಶನಿವಾರ ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್‌ಗೆ ಸೇರುತ್ತಿದ್ದ ನಾಲ್ಕಾರು ಕನ್ನಡದ ಕುಟುಂಬಗಳು. ಕ್ಯಾಂಟನ್‌ನಲ್ಲಿ ಕಲ್ಲು ಎಸೆದರೆ ಒಬ್ಬ ಆಟೋ ಎಂಜಿನಿಯರಿಗೆ ತಗಲುತ್ತಿದ್ದ ಕಾಲ ಅದು. ನಮ್ಮ ಗುಂಪಿನಲ್ಲಿ ಒಬ್ಬರು ಸೀಟಿನ ಸ್ಪಂಜಿನವರು, ಒಬ್ಬರು ಬಾಗಿಲ ಬೀಗದವರು, ನಮ್ಮವರು ವೈಪರಿನವರು. ಟೈರಿನವರು ಒಬ್ಬರೂ ಇರಲಿಲ್ಲ. ಆದರೂ ಒಂದು ಶನಿವಾರ ನಮ್ಮ ಮನೆಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ತೀರ್ಪು ಕೊಟ್ಟರು.

"ನಿಮ್ದು ರಿಯರ್ ವೀಲ್ ಡ್ರೈವ್ ಅಲ್ವಾ ಸಾರ್?" ಎಂದರು ಸ್ಪಂಜಿನವರು. "ತಳ್ಳೋದು ಹಿಂದಿನ ಎರಡು ಚಕ್ರ ತಾನೆ? ಅವಕ್ಕೆ ಮಾತ್ರ ಹಾಕ್ಸಿ. ಮುಂದಿನವು ಸುಮ್ನೆ ಜೊತೇಲಿ ಉರುಳ್ತವೆ."

ಹುಬ್ಬಳ್ಳಿ ಕಡೆಯವರಾದ ಬೀಗದವರು ತಲೆಯಾಡಿಸಿದರು. "ನಾಕೂ ಹಾಕಸ್ರಿ ಅನ್ನೋದು ಅಂಗಡಿಯವರ ಧಂದೆ ನೋಡ್ರಿ. ನಾವು ಕಾರ್ ಮಾಡೋ ಮಂದಿ, ನಮಗ ಹೇಳ್ತಾರೇನು?"

ನಾನು ಅಡುಗೆಮನೆಯಿಂದಲೇ ಕೂಗಿದೆ: "ತಿರುಗ್ಸೋದು, ನಿಲ್ಸೋದು ನಾನಲ್ವಾ? ನಾಲ್ಕಕ್ಕೂ ಹಾಕ್ಸಿಬಿಡಿ!"

"ಮೇಡಂಗೆ ಸ್ವಲ್ಪ ಭಯ," ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಹೋಮ್‌ವರ್ಕ್ ಮಾಡುತ್ತ ಕೂತಿದ್ದ ಮಗಳು ತಲೆ ಎತ್ತಿ, "ಅಪ್ಪಾ, ವೈ ನಾಟ್ ಫೋರ್?" ಎಂದಳು.

ಥ್ಯಾಂಕ್ಸ್‌ಗಿವಿಂಗ್ ವಾರ, ನವೆಂಬರ್ ಕೊನೆಗೆ, ಅಂಗಡಿಗೆ ಹೋದೆವು. ನನ್ನ ಗಂಡ ಎರಡೇ ಸಾಕು ಎಂದಾಗ ಅಂಗಡಿಯವನು ಬೇಡವೆಂದ. ಹಟ ಹಿಡಿದದ್ದು ನೋಡಿ ಒಂದು ಕಾಗದ ತಂದ. ನಾವು ನಾಲ್ಕು ಹಾಕಿಸಿ ಎಂದು ಹೇಳಿದ್ದೇವೆ, ಗಿರಾಕಿ ಒಪ್ಪಿಲ್ಲ, ಹೀಗೆ ಏನೋ ಬರೆದಿತ್ತು. ಕಾರು ಓಡಿಸುವವರು ಸಹಿ ಮಾಡಬೇಕು ಎಂದ. ಗಂಡ ಕಾಗದವನ್ನು ನನ್ನ ಕಡೆ ಸರಿಸಿದರು. ಎರಡು ತಿಂಗಳ ವಾದದಿಂದ ನನ್ನ ತಲೆ ಚಿಟ್ಟು ಹಿಡಿದಿತ್ತು, ಮುಗಿದರೆ ಸಾಕಾಗಿತ್ತು. ಸಹಿ ಮಾಡಿದೆ. ಅವರ ಮೇಲೆ ಎಷ್ಟೇ ರೇಗಿದರೂ ಈ ಒಂದು ಸಹಿ ನನ್ನದೇ.

ಡಿಸೆಂಬರ್ ಹೇಗೋ ಕಳೆಯಿತು. ಕಾರು ಹಿಮದಲ್ಲಿ ಚೆನ್ನಾಗಿಯೇ ಹೊರಡುತ್ತಿತ್ತು. "ನೋಡಿದ್ಯಾ?" ಎನ್ನುತ್ತಿದ್ದರು. ಹೊರಡುವುದು ಬೇರೆ, ನಿಲ್ಲುವುದು ಬೇರೆ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಜನವರಿಯ ಒಂದು ಶುಕ್ರವಾರ, ವಾಪಸ್ ಬರುವಾಗ ಸರೋವರದ ಹತ್ತಿರ ಹಿಮ ಜೋರಾಯಿತು. ನಿಂತು ಹೋಗೋಣವೆಂದು ಹೆದ್ದಾರಿ ಬಿಟ್ಟು ಇಳಿಯುವ ಎಕ್ಸಿಟ್ ತಗೊಂಡೆ. ವೇಗ ಮೂವತ್ತು ಮೈಲಿಯೂ ಇರಲಿಲ್ಲ. ರಸ್ತೆ ಬಲಕ್ಕೆ ತಿರುಗಿತು, ನಾನೂ ಸ್ಟೀರಿಂಗ್ ತಿರುಗಿಸಿದೆ, ಕಾರು ಮಾತ್ರ ನೆಟ್ಟಗೆ ಹೋಯಿತು. ಬ್ರೇಕ್ ಒತ್ತಿದರೂ ಹೋಯಿತು. ರಸ್ತೆ ಬಿಟ್ಟು ಪಕ್ಕದ ಹಳ್ಳಕ್ಕೆ ಇಳಿದು, ಮೂತಿಯನ್ನು ಹಿಮದ ರಾಶಿಗೆ ತುರುಕಿಕೊಂಡು ನಿಂತಿತು. ಗಾಜಿನ ತುಂಬ ಬಿಳುಪು. ಟೋ ಟ್ರಕ್ ಬರುವ ತನಕ ಒಂದು ಗಂಟೆಗೂ ಮೀರಿ ಕೂತಿದ್ದೆ, ಮಗಳ ಮುಖವೇ ಕಣ್ಣೆದುರು ಬರುತ್ತಿತ್ತು.

ಕಾರು ಎಳೆದ ಟ್ರಕ್ಕಿನವನು ಚಕ್ರಗಳನ್ನು ಒಂದು ಸುತ್ತು ನೋಡಿ ಕೇಳಿದ, ಹಿಂದೆ ಇಷ್ಟು ಒಳ್ಳೆಯ ಸ್ನೋ ಟೈರಿದೆ, ಮುಂದೆ ಯಾಕಿಲ್ಲ?

"ನನ್ನ ಗಂಡ ಎಂಜಿನಿಯರ್," ಎಂದೆ.

ಮನೆಗೆ ಫೋನ್ ಮಾಡಿದೆ. ಕಾರು ಜಾರಿ ಹಳ್ಳಕ್ಕಿಳಿಯಿತು ಎಂದೆ.

"ಅಯ್ಯೋ! ಬಂಪರ್ ಹೋಯ್ತಾ?"

ನಾನು ಫೋನ್ ಇಟ್ಟೆ. ಮನೆ ಮುಟ್ಟಿದಾಗ ಗರಾಜಿನಲ್ಲಿ ಕಾದಿದ್ದರು. ಮಂಡಿಯೂರಿ, ಬಂಪರಿನ ಕೆಳಗೆಲ್ಲ ಕೈಯಾಡಿಸಿ ಎದ್ದರು. "ಏನೂ ಆಗಿಲ್ಲ ಕಣೇ. ಸದ್ಯ." ನಾನು ಕೋಟು ಕೂಡ ಬಿಚ್ಚದೆ ಅಲ್ಲೇ ನಿಂತಿದ್ದೆ. ಎರಡು ದಿನ ಮಾತಾಡಲಿಲ್ಲ.

ಭಾನುವಾರ ಸಣ್ಣ ಕಾರಿನ ಕೀ ತಗೊಂಡೆ.

"ಆ ಡಬ್ಬದಲ್ಲಿ ಶಿಕಾಗೋಗೆ ಹೋಗ್ತೀಯಾ?"

"ಡಬ್ಬ ತಿರುಗ್ಸಿದ ಕಡೆ ತಿರುಗತ್ತೆ. ನಿಮ್ಮ ಕಾರು ನೀವೇ ಓಡ್ಸಿ."

ಸೋಮವಾರ ರಸ್ತೆ ಒಣಗಿತ್ತಂತೆ. ಸೋಮವಾರ ರಾತ್ರಿ ಕ್ಯಾಂಟನ್‌ನಲ್ಲಿ ಹಿಮ ಬಿತ್ತು. ಮಂಗಳವಾರ ಬೆಳಿಗ್ಗೆ ನನ್ನ ಆಫೀಸಿಗೆ ಫೋನ್ ಬಂತು. ಅವರ ದನಿಯೇ ಬೇರೆಯಾಗಿತ್ತು. ನಮ್ಮ ಬಡಾವಣೆ ದಾಟಿ ದೊಡ್ಡ ರಸ್ತೆಗೆ ಸೇರುವಲ್ಲಿ ಬ್ರೇಕ್ ಒತ್ತಿದರೆ ಕಾರು ನಿಂತಿಲ್ಲ. ಸೀದಾ ಅಡ್ಡರಸ್ತೆಗೆ ಜಾರಿದೆ. ಎದುರಿಗೆ ಸ್ಕೂಲ್ ಬಸ್ಸು. ಬಸ್ಸಿನವನು ನಿಲ್ಲಿಸಿದ್ದಕ್ಕೆ ಉಳಿದರು.

"ಟೈರ್ ಅಂಗಡೀಲಿದೀನಿ. ಮುಂದಿನ ಎರಡಕ್ಕೂ ಹಾಕ್ಸ್ತಿದೀನಿ. ರೇಟೂ ಕೇಳಿಲ್ಲ," ಎಂದರು. ಮತ್ತೆ, "ತುಂಬಾ ಭಯ ಆಯ್ತು ಕಣೇ."

"ಗೊತ್ತು. ನಾನು ಎರಡು ತಿಂಗಳು ಅದರಲ್ಲೇ ಓಡಾಡಿದೀನಿ."

ಆಮೇಲೆ ಕೇಳಿದರು: "ಅವತ್ತು ಹಳ್ಳದಲ್ಲಿ ನೀನೊಬ್ಳೇ ಎಷ್ಟೊತ್ತು ಕೂತಿದ್ದೆ?"

ಹೇಳಿದೆ. ಕಾರು ನೆಟ್ಟಗೆ ಹೋದದ್ದು, ಮಗಳ ಮುಖ ಕಂಡದ್ದು, ಎಲ್ಲ ಹೇಳಿದೆ. ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರೂ ಕಣ್ಣೊರೆಸಿಕೊಳ್ಳುತ್ತ ಹೇಳಿದೆ. ಅವರು ಪೂರ್ತಿ ಕೇಳಿದರು. ಆದರೆ ಆ ಒಂದು ಪ್ರಶ್ನೆ ಕೇಳಲು ಅವರಿಗೆ ನಾಲ್ಕು ದಿನವೂ ಒಂದು ಸ್ಕೂಲ್ ಬಸ್ಸೂ ಬೇಕಾಯಿತು. ಅದಕ್ಕೆ ನನಗೆ ಈಗಲೂ ಸಿಟ್ಟಿದೆ.